ಮೂರನೆಯ ಕರೆ

"ಹಾಡಿ, ಬಾರಿಸಿ, ಎಂತ ಬೇಕಾದರೂ ಮಾಡಿ. ಅದರ ಎದುರು ಯಾರ ಹೆಸರನ್ನೂ ಹೇಳಬೇಡಿ, ಅಷ್ಟೆ. ಮತ್ತೆ, ಒಳಗೆ ಒಂದು ವೈರು ತುಂಡು ಮಾಡಿದ್ದುಂಟು. ಅದು ಹಾಗೆಯೇ ಇರಲಿ. ಜೋಡಿಸಲಿಕ್ಕೆ ಹೋಗಬೇಡಿ."

ಎಣ್ಮಕಜೆಯ ಗೇರು ತೋಟದ ಅಂಚಿನ ತಮ್ಮ ಮನೆಯ ಜಗಲಿಯಲ್ಲಿ ನಿಂತು, ಹಾಡುಹಗಲಿನಲ್ಲಿ, ಇಮೆಲ್ಡಾ ಬಾಯಿ ಈ ಮಾತು ಹೇಳಿದರು. ಸುಧೀರ್ ನಕ್ಕುಬಿಟ್ಟ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು, ಧ್ವನಿಮುದ್ರಣದ ವಿದ್ಯೆ ಕಲಿತವನು, ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಬಂದು ಮಧೂರಿನ ಹತ್ತಿರ ಸ್ಟುಡಿಯೋ ಇಟ್ಟವನು. ಇಂಥವರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣವಾದರೆ ಸುಮ್ಮನೆ ನಿಂತಾದರೂ ನಿಲ್ಲುತ್ತದೆ. ಇವನು ತಿರುಗಿ ಪಾಠ ಹೇಳಿದ.

"ಆಂಟಿ, ಇದು ಟೇಪ್ ಎಕೋ ಮೆಷಿನ್ನು. ಹಾಡುವವರ ದನಿಯನ್ನ ಟೇಪಿನ ಮೇಲೆ ಹಿಡಿಯುತ್ತೆ, ಚೂರು ಹೊತ್ತು ಬಿಟ್ಟು ವಾಪಸ್ ಕೇಳಿಸುತ್ತೆ. ಬಾವಿಯೊಳಗೆ ಕೂಗಿದ ಹಾಗೆ. ಇದರಲ್ಲಿ ದೆವ್ವ ಕೂರೋಕೆ ಜಾಗ ಎಲ್ಲಿದೆ ಹೇಳಿ?"

"ದೆವ್ವ ಅಂತ ಯಾರು ಹೇಳಿದ್ದು? ಇದು ಮಾಟ," ಎಂದರು ಇಮೆಲ್ಡಾ ಬಾಯಿ. ಶಿಲುಬೆಯ ಗುರುತು ಮಾಡಿಕೊಂಡರು. "ನಮ್ಮ ಮೊರಿಸರ ಬ್ಯಾಂಡು ಇಲ್ಲದೆ ಆಗ ಈ ಕಡೆ ಮದುವೆ ಇರಲಿಲ್ಲ. ಹೊಟ್ಟೆಕಿಚ್ಚಿನವರು ಸುಮ್ಮನೆ ಕೂರ್ತಾರಾ? ಮೆಷಿನು ರಿಪೇರಿಗೆ ಹೋಗಿದ್ದಾಗ ಟೇಪಿನ ಜಾಯಿಂಟಿನಲ್ಲಿ ಎಂತದೋ ಇಟ್ಟು ಕಳಿಸಿದ್ರು."

ಸೂಟ್‌ಕೇಸಿನಷ್ಟು ದೊಡ್ಡ ಹಸಿರು ಪೆಟ್ಟಿಗೆ. ಸುಧೀರ್ ಮುಚ್ಚಳ ಎತ್ತಿದ. ಹಳೆಯ ರಬ್ಬರು, ಧೂಳು, ಅದರ ಅಡಿಯಲ್ಲಿ ಕೂದಲು ಸುಟ್ಟಂಥ ಒಂದು ಸಣ್ಣ ಕಮಟು. ಆದರೂ ಯಂತ್ರ ಮುದ್ದಾಗಿತ್ತು. ಬಳೆಯಂತೆ ತುದಿಗೆ ತುದಿ ಅಂಟಿಸಿದ ಟೇಪು, ಅದು ಸುತ್ತುವ ದಾರಿಯಲ್ಲಿ ದನಿಯನ್ನು ಮರಳಿ ಕೇಳಿಸುವ ಮೂರು ಹೆಡ್ಡುಗಳು. ಮೂರನೆಯದರ ವೈರನ್ನು ಯಾರೋ ಕತ್ತರಿಸಿದ್ದರು. ಇಂಥದ್ದಕ್ಕಾಗಿ ಅವನು ವರ್ಷಗಟ್ಟಲೆ ಹುಡುಕಿದ್ದ. ಕಂಪ್ಯೂಟರಿನಲ್ಲಿ ಎಷ್ಟು ತಿಣುಕಿದರೂ ಆ ಹಳೆಯ ದನಿ ಬರುವುದಿಲ್ಲ ಎನ್ನುವುದು ಅವನ ಕೊರಗು.

ಒಳಗಿನ ಕಿಟಕಿಯ ಬಳಿ ಒಬ್ಬ ಮುದುಕಿ ಕುಳಿತಿದ್ದಳು. ಇಮೆಲ್ಡಾ ಬಾಯಿಯ ತೀರಿಹೋದ ಗಂಡ ಮೊರಿಸರ ತಂಗಿ ಜೂಲಿಯೆಟ್, ಬ್ಯಾಂಡಿನ ಹಾಡುಗಾರ್ತಿಯಾಗಿದ್ದವಳು. ಗಂಜಿ ತಣಿಯುತ್ತಿತ್ತು. ಇಮೆಲ್ಡಾ ಬಾಯಿ "ಜೂಲಿ" ಎಂದು ಕರೆದರು. ಮತ್ತೆ ಕರೆದರು. ಇನ್ನೊಮ್ಮೆ ಕರೆದರು. ಮುದುಕಿ ತಿರುಗಲಿಲ್ಲ.

"ಕಿವಿ ಕೇಳಿಸಲ್ವಾ?"

"ಕೇಳ್ತದೆ. ಓ ಅನ್ನುವುದಿಲ್ಲ."

ಪಾಪ ಎನ್ನಿಸಿತು ಸುಧೀರನಿಗೆ. ಎನ್ನಿಸಿ ಮರೆತೂ ಹೋಯಿತು. ಪೆಟ್ಟಿಗೆ ಹೊರುವಾಗ ಅವನು ಕೇಳಿದ, "ಈ ಕಡೆಯವರು ಯಾರೂ ಕೇಳಿಕೊಂಡು ಬರಲಿಲ್ವಾ ಆಂಟಿ?"

"ಬಂದಿದ್ರು. ನಾನೇ ಕೊಡಲಿಲ್ಲ. ಊರಿನವರಿಗೆ ಕೊಟ್ಟು ಪ್ರಯೋಜನ ಇಲ್ಲ."

ತನ್ನ ವಿದ್ಯೆಗೆ ಸಿಕ್ಕ ಮರ್ಯಾದೆ ಇದು ಎಂದುಕೊಂಡು ಅವನು ಉಬ್ಬಿಹೋದ. ಕಾರು ತಿರುಗುವಾಗ ಕನ್ನಡಿಯಲ್ಲಿ ನೋಡಿದರೆ ಇಮೆಲ್ಡಾ ಬಾಯಿ ಅಳುತ್ತಿದ್ದರು. ಗಂಡನ ನೆನಪಿರಬೇಕು, ಪಾಪ, ಎಂದುಕೊಂಡ.

ಸುಧೀರನ ಹೆಂಡತಿ ಶ್ರೀವಾಣಿ ಕನ್ನಡ ಶಾಲೆಯ ಟೀಚರು. ಚೆನ್ನಾಗಿ ಹಾಡುತ್ತಾಳೆ, ಚೆನ್ನಾಗಿ ಜಗಳವಾಡುತ್ತಾಳೆ. ಅವಳದ್ದೊಂದು ಅಭ್ಯಾಸ ಮಾತ್ರ ಗಂಡನಿಗೆ ಮದುವೆಯಾದಂದಿನಿಂದ ಬಗೆಹರಿಯಲಿಲ್ಲ. ಅವಳನ್ನು ಒಮ್ಮೆ ಕರೆದರೆ ಉತ್ತರವಿಲ್ಲ. ಎರಡನೆಯ ಸಲವೂ ಇಲ್ಲ. ಗಂಟಲು ಏರಿಸಿ ಮೂರನೆಯ ಸಲ ಕರೆದರೆ ಪಕ್ಕದ ಕೋಣೆಯಿಂದಲೇ "ಓ, ಬಂದೆ" ಎನ್ನುವಳು.

"ಮೊದಲನೇ ಸಲಾನೇ ಓ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅವನು ರೇಗಿದಾಗ ಉತ್ತರ ಕೊಟ್ಟವರು ಅವಳ ಅಮ್ಮ ಸತ್ಯವತಿಯಮ್ಮ. ಗಂಡ ತೀರಿಕೊಂಡ ಮೇಲೆ ಅವರು ಮಗಳ ಜೊತೆಯಲ್ಲೇ ಇದ್ದರು.

"ಕಲಿಸಿದ್ದು ನಾನು. ಕಣ್ಣಿಗೆ ಕಾಣದವರು ಕರೆದರೆ ಮೂರು ಸಲ ಆಗದೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಮತ್ತೊಂದು ಜಾತಿಯದ್ದಕ್ಕೆ ಅಷ್ಟು ಉಸಿರು ಇರುವುದಿಲ್ಲ."

"ಅದಕ್ಕೆ ಅಸ್ತಮಾನಾ ಅತ್ತೆ?" ಎಂದು ಅವನು ನಗುವನು. ಶ್ರೀವಾಣಿಯೂ ನಗುವಳು. ನಕ್ಕರೂ ಅಭ್ಯಾಸ ಬಿಡಳು.

ಸ್ಟುಡಿಯೋ ಎಂದರೆ ಮನೆಯದೇ ಹಿಂಬದಿಯ ಕೋಣೆ. ಕಿಟಕಿ ಮುಚ್ಚಿಸಿ, ಮುರಕಲ್ಲಿನ ಗೋಡೆಗೆ ತೆಂಗಿನ ನಾರಿನ ಹಾಸು ಬಡಿಸಿ, ಅದರ ಮೇಲೆ ಸ್ಪಂಜು ಅಂಟಿಸಿ, ಎರಡಾಳು ತಳ್ಳುವಷ್ಟು ಭಾರದ ಬಾಗಿಲು ಹಾಕಿಸಿದ್ದ. "ಒಳಗೆ ಕದಿನ ಒಡೆದರೂ ಅಡುಗೆಮನೆಗೆ ಕೇಳಿಸೋದಿಲ್ಲ," ಎಂದು ಬಂದವರಿಗೆಲ್ಲ ಹೇಳಿಕೊಳ್ಳುವನು. ಹಬ್ಬದ ಪಟಾಕಿಗೆ ಕದಿನ ಎನ್ನುವುದನ್ನು ಈ ಊರಿಗೆ ಬಂದು ಕಲಿತಿದ್ದ. ಕಲಿಯಬೇಕಾದ್ದನ್ನು ಕಲಿಯಲಿಲ್ಲ.

ಪೆಟ್ಟಿಗೆಯನ್ನು ಆ ಕೋಣೆಯಲ್ಲಿಟ್ಟು, ಹೆಡ್ಡುಗಳನ್ನು ಸ್ಪಿರಿಟಿನಲ್ಲಿ ಒರೆಸಿ, ಕರೆಂಟು ಕೊಟ್ಟ. ಟೇಪು ಸರಸರ ಸುತ್ತತೊಡಗಿತು. ಪ್ರತಿ ಸುತ್ತಿಗೂ ಜಾಯಿಂಟು ಹೆಡ್ಡಿಗೆ ತಾಗಿ 'ಟಕ್' ಎನ್ನುತ್ತಿತ್ತು. ಹೆಡ್‌ಫೋನಿನ ಭೋರಿನ ಅಡಿಯಲ್ಲಿ, ತೀರ ತಳದಲ್ಲಿ, ಒಬ್ಬ ಗಂಡಸು "ಜೂಲೀ" ಎಂದ. ಇನ್ನೊಮ್ಮೆ "ಜೂಲೀ" ಎಂದ. ಆಮೇಲೆ ಬರೀ ಭೋರು.

ಹಳೆಯದು ಸರಿಯಾಗಿ ಅಳಿದಿಲ್ಲ ಎಂದುಕೊಂಡ ಸುಧೀರ್. ಯಂತ್ರ ನಿಲ್ಲಿಸಿ ಜಾಯಿಂಟನ್ನು ಬೆಳಕಿಗೆ ಹಿಡಿದ. ಅಂಟುಪಟ್ಟಿಯ ಕೆಳಗೆ ಸುರುಳಿ ಸುತ್ತಿದ ಒಂದು ಉದ್ದ ಕೂದಲು, ಅದರ ಸುತ್ತ ಮಸಿಯಂಥ ಕಪ್ಪು. "ಥೂ, ಏನು ಕೊಳಕು ರಿಪೇರಿ," ಎಂದ. ಬಿಚ್ಚಿದರೆ ಟೇಪು ಹರಿದೀತೆಂದು ಹಾಗೆಯೇ ಬಿಟ್ಟ.

ಮತ್ತೆ ಶುರು ಮಾಡಿ ಮೈಕಿನ ಮುಂದೆ ಬಾಗಿದ. ಜಗತ್ತಿನವರೆಲ್ಲ 'ಹಲೋ' ಎನ್ನುತ್ತಾರೆ, ಇವನೂ ಅನ್ನಬಹುದಿತ್ತು. ಇಮೆಲ್ಡಾ ಬಾಯಿಯ ಮಾತು ನೆನಪಾಯಿತು. ತುಟಿಯಲ್ಲಿ ನಗು ಬಂತು. ಬೇಡವೆಂದದ್ದೇ ರುಚಿ, ಏನು ಮಾಡುವುದು? ತನಗೆ ಅತಿ ಪ್ರಿಯವಾದ ಹೆಸರನ್ನೇ ಮೆತ್ತಗೆ ಹೇಳಿದ.

"ಶ್ರೀವಾಣಿ."

*ಶ್ರೀವಾಣಿ*, ಎಂದಿತು ಯಂತ್ರ. *ಶ್ರೀವಾಣಿ*. ಅವನದೇ ದನಿ, ಅವನಿಗಿಂತ ಬೆಚ್ಚಗೆ, ಅವನಿಗಿಂತ ಒಲವಿನಿಂದ. ಸುಧೀರನ ಮೈ ಜುಮ್ಮೆಂದಿತು. ಆ ದನಿಗಾಗಿಯೇ ಅವನು ಅಷ್ಟು ವರ್ಷ ಹುಡುಕಿದ್ದು.

ಕೆಲವು ದಿನ ಕಳೆದು, ಊಟಕ್ಕೆ ಕುಳಿತಾಗ ಶ್ರೀವಾಣಿ ಕೇಳಿದಳು. "ಅಲ್ಲ ಮಾರಾಯ್ರೆ, ನೀವು ಎರಡೇ ಸಲ ಕರೆದು ಸುಮ್ಮನಾಗುವುದು ಎಂತಕ್ಕೆ? ನಾನು ಮೂರನೆಯದಕ್ಕೆ ಕಾಯುತ್ತಾ ಕೂರುವುದಾ?"

"ನಾನೆಲ್ಲಿ ಕರೆದೆ?"

"ದಿನಾ ಕರೆಯುತ್ತೀರಿ. ಮೊನ್ನೆ ಮಧ್ಯಾಹ್ನ, ನಿನ್ನೆ ಮಧ್ಯಾಹ್ನ, ನಾನು ಶಾಲೆಯಿಂದ ಊಟಕ್ಕೆ ಬಂದಾಗೆಲ್ಲ. ಎಷ್ಟು ಚಂದ ಮಾಡಿ ಕರೆಯುತ್ತೀರಿ ಅಂದರೆ, ಮದುವೆಯ ಹೊಸತರಲ್ಲಿ ಕರೆದ ಹಾಗೆ."

ನಿನ್ನೆ ಮಧ್ಯಾಹ್ನ ಸುಧೀರ್ ಕಾಸರಗೋಡು ಪೇಟೆಯಲ್ಲಿದ್ದ. ಅದನ್ನು ಹೇಳಿದ. ಸತ್ಯವತಿಯಮ್ಮನ ಕೈಯ ಸಟ್ಟುಗ ಅರ್ಧದಲ್ಲೇ ನಿಂತಿತು.

"ಆ ಪೆಟ್ಟಿಗೆ ಹಿಂದೆ ಕೊಟ್ಟು ಬನ್ನಿ," ಎಂದರು. ದನಿ ಸಣ್ಣಗಾಗಿತ್ತು. "ಇವತ್ತೇ ಕೊಟ್ಟು ಬನ್ನಿ."

"ಅತ್ತೆ, ಕರೆಂಟಿಲ್ಲದೆ ಅದು ಕರೆಯೋಕೆ ಸಾಧ್ಯಾನೇ ಇಲ್ಲ. ನಾನು ಹೋಗೋವಾಗ ಪ್ಲಗ್ ಕಿತ್ತಿಟ್ಟು ಹೋಗ್ತೀನಿ."

"ಅದನ್ನೇ ಹೇಳುವುದು ನಾನು."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದೆಂದು ಹಠ ಹಿಡಿದವನಿಗೆ ಯಾರು ಅರ್ಥ ಮಾಡಿಸಬೇಕು? ಹೆಂಡತಿಗೆ ಶಾಲೆಯ ಗದ್ದಲದಿಂದ ಕಿವಿ ಮೊರೆಯುತ್ತಿದೆ ಎಂದು ತೀರ್ಮಾನಿಸಿದ. ಎರಡು ಸಲ ಮಾತ್ರ ಮರುದನಿ ಬರುತ್ತಿರುವುದು ಬೇರೆ ಅವನನ್ನು ಕಾಡುತ್ತಿತ್ತು. ಯಂತ್ರಕ್ಕೆ ಮೂರು ಹೆಡ್ಡು ಇರುವಾಗ ಎರಡಕ್ಕೆ ತೃಪ್ತಿಪಡುವುದು ಕಸುಬಿಗೇ ಅವಮಾನವಲ್ಲವೆ?

ಶಾಲೆಗೆ ರಜೆಯ ಒಂದು ಮಧ್ಯಾಹ್ನ. ಸತ್ಯವತಿಯಮ್ಮ ಮಧೂರು ದೇವಸ್ಥಾನಕ್ಕೆ ಹೋಗಿದ್ದರು, ಮಗಳ, ಅಳಿಯನ ಹೆಸರಿನಲ್ಲಿ ಗಣಪತಿಗೆ ಅಪ್ಪದ ಸೇವೆ ಮಾಡಿಸಲು. ಶ್ರೀವಾಣಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಸುಧೀರ್ ಸ್ಟುಡಿಯೋದ ಬಾಗಿಲು ಹಾಕಿಕೊಂಡು ಬೆಸುಗೆಕಡ್ಡಿ ಕಾಯಿಸಿದ. ಕತ್ತರಿಸಿದ ವೈರಿನ ತುದಿಗಳನ್ನು ಹೊಸೆದ. ಸೀಸ ಕರಗಿ ಹೊಗೆ ಎದ್ದಿತು. ಹನಿ ಕೂತಿತು. ಹೊಳೆಯಿತು. ಅವನು ಖುಷಿಯಿಂದ ಶಿಳ್ಳೆ ಹಾಕಿದ.

ಆಗ ಕರೆಂಟು ಹೋಯಿತು.

ಕಿಟಕಿಯಿಲ್ಲದ ಕೋಣೆ. ಹೊರಗೆ ಸುಡುಬಿಸಿಲು, ಒಳಗೆ ಕಣ್ಣೆದುರಿನ ಕೈ ಕಾಣದ ಕತ್ತಲು. ಫ್ಯಾನು ತಿರುಗಿ ತಿರುಗಿ ನಿಂತಿತು. ಮೌನ ಎಷ್ಟು ದಟ್ಟವಾಗಿತ್ತೆಂದರೆ ಅವನ ರಕ್ತ ಓಡುವುದು ಅವನಿಗೇ ಕೇಳಿಸುತ್ತಿತ್ತು. ಮೊಬೈಲಿಗಾಗಿ ಮೇಜು ತಡವರಿಸಿದ. ಸಿಗಲಿಲ್ಲ. ಬಾಗಿಲಿನ ಕಡೆ ತಿರುಗಿದ.

ಹಿಂದೆ ಸರಸರ ಸದ್ದು.

ಟೇಪು ಸುತ್ತುತ್ತಿತ್ತು. ಟಕ್. ಕರೆಂಟಿಲ್ಲ. ಪ್ಲಗ್ಗು ಅವನೇ ಕಿತ್ತಿಟ್ಟದ್ದು, ಕಾಲ ಕೆಳಗೆ ಚುಚ್ಚುತ್ತಿತ್ತು. ಟಕ್. ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು. ಅದರ ಜೊತೆ ಹರಳೆಣ್ಣೆಯ ಮಸಿಯ ವಾಸನೆ, ಹಸಿ ರಕ್ತದ ತುಕ್ಕು ವಾಸನೆ. ಟಕ್. ಯಾರೋ ಉಸಿರೆಳೆದುಕೊಂಡರು. ದೊಡ್ಡ ಉಸಿರು. ಮೂರು ಸಲಕ್ಕೆ ಸಾಲುವಷ್ಟು.

*ಶ್ರೀವಾಣಿ.*

ಅವನದೇ ದನಿ. ಅದು ಗೋಡೆ ತಾಗಿ ಸಾಯಲಿಲ್ಲ. ನಾರು, ಸ್ಪಂಜು, ಮುರಕಲ್ಲು ಎಲ್ಲವನ್ನೂ ದಾಟಿ ಮನೆಯೊಳಗೆ ನಡೆದುಹೋಯಿತು.

ಆಗ ಅವನಿಗೆ ಅರ್ಥವಾಯಿತು. ಎಲ್ಲವೂ ಅರ್ಥವಾಯಿತು. ಕತ್ತರಿಸಿದ ವೈರು. ಎರಡೇ ಕರೆ. ಮೂರನೆಯದಕ್ಕೆ ಕಾಯುವ ಹೆಂಡತಿ.

"ಓಗೊಡಬೇಡ!" ಎಂದು ಕಿರುಚಿದ. "ಶ್ರೀ! ಅದು ನಾನಲ್ಲ! ಓಗೊಡಬೇಡ!"

ಅವನ ಕೂಗು ಸ್ಪಂಜಿನಲ್ಲಿ ಇಂಗಿತು. ಬಾಗಿಲಿಗೆ ಹಾರಿದ. ಹಿಡಿ ತಿರುಗಲಿಲ್ಲ. ಗುದ್ದಿದ. ಒದ್ದ. ಭುಜ ಕೊಟ್ಟ. ಬಾಗಿಲು ಅಲುಗಲಿಲ್ಲ.

*ಶ್ರೀವಾಣಿ.*

ತಿರುಗಿ ಯಂತ್ರದ ಮೇಲೆ ಬಿದ್ದ. ವೈರು. ಎಲ್ಲಿದೆ ವೈರು? ಬೆರಳು ಬಿಸಿ ಬೆಸುಗೆಕಡ್ಡಿಗೆ ತಾಗಿತು. ಚರ್ಮ ಸುಟ್ಟಿತು. ವೈರು ಸಿಕ್ಕಿತು. ಎಳೆದ. ಬರಲಿಲ್ಲ. ಎಳೆದ. ಎಂಥ ಗಟ್ಟಿ ಬೆಸುಗೆ! ತನ್ನ ಕೈಯದೇ. ಹಲ್ಲಿನಲ್ಲಿ ಕಚ್ಚಿದ.

*ಶ್ರೀವಾಣಿ.*

ಟಕ್.

"ಓ, ಬಂದೆ."

ಅದು ಬಾಗಿಲಾಚೆಯಿಂದ ಬರಲಿಲ್ಲ. ಅವನ ಕೆನ್ನೆಯ ಪಕ್ಕದಲ್ಲಿ, ಟೇಪಿನ ಮೇಲಿಂದ ಬಂತು.

ಕರೆಂಟು ಬಂದು ಬಾಗಿಲು ತಾನಾಗಿ ತೆರೆದುಕೊಂಡಿತು. ಅಡುಗೆಮನೆಯಲ್ಲಿ ಶ್ರೀವಾಣಿ ಹೆರೆಮಣೆಯ ಮೇಲೆ ಕುಳಿತೇ ಇದ್ದಳು. ಅರ್ಧ ತುರಿದ ಕಾಯಿ ಕೈಯಲ್ಲಿತ್ತು. ಮುಖ ಸ್ಟುಡಿಯೋದ ಕಡೆ ತಿರುಗಿತ್ತು, ತುಟಿ ಈಗಷ್ಟೇ ಏನೋ ಹೇಳಿದಂತೆ ತೆರೆದಿತ್ತು. ಕಣ್ಣು ಅವನನ್ನು ದಾಟಿ ಎಲ್ಲಿಗೋ ನೋಡುತ್ತಿತ್ತು. ಅವನು ಕರೆದ. ಮೂರು ಸಲ ಕರೆದ, ಮೂವತ್ತು ಸಲ ಕರೆದ. ದೇವರೇ, ಒಮ್ಮೆ ಓ ಅನ್ನೇ, ಎಂದು ಅವಳ ಕಾಲು ಹಿಡಿದು ಅತ್ತ.

ಮಂಗಳೂರಿನ ದೊಡ್ಡ ಡಾಕ್ಟರರು ತಲೆ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಏನೂ ದೋಷವಿಲ್ಲ ಎಂದರು. ಬಾಯಿಗೆ ಇಟ್ಟರೆ ನುಂಗುತ್ತಾಳೆ, ಕೂರಿಸಿದರೆ ಕೂರುತ್ತಾಳೆ. ಮನೆಯಲ್ಲಿ ದಿನವೂ ಮಧ್ಯಾಹ್ನ ಯಂತ್ರ ಅವನ ದನಿಯಲ್ಲಿ ಮೂರು ಸಲ ಕರೆಯುತ್ತದೆ, ಟೇಪಿನೊಳಗಿಂದ ಅವಳ ದನಿ "ಓ, ಬಂದೆ" ಎನ್ನುತ್ತದೆ. ಕುರ್ಚಿಯ ಮೇಲಿನ ಶ್ರೀವಾಣಿಯ ತುಟಿ ಅಲುಗುವುದಿಲ್ಲ.

ಸುಧೀರ್ ಎಣ್ಮಕಜೆಗೆ ಓಡಿದ. ಜಗಲಿ ಹತ್ತುವ ಮೊದಲೇ ಒಳಗಿನಿಂದ ಹಾಡು ಕೇಳಿಸಿತು. ಒಡಕು ಗಂಟಲಿನ ಹಳೆಯ ಮದುವೆ ಹಾಡು. ಗೇರುಬೀಜ ಒಣಗಿಸುತ್ತಿದ್ದ ಜೂಲಿಯೆಟ್ ತಲೆಯೆತ್ತಿ, "ಯಾರು? ಎಂತ ಬೇಕಿತ್ತು?" ಎಂದಳು.

ಇಮೆಲ್ಡಾ ಬಾಯಿ ಹೊರಗೆ ಬಂದವರು ಅವನ ಮುಖ ನೋಡಲಿಲ್ಲ.

"ನಾನು ಬೇಡ ಅಂತ ಹೇಳಿದ್ದೆ. ಹೇಳಿದ್ದೆ ಅಲ್ಲವಾ?"

"ಬೇಡ ಅಂದ್ರೆ ಮಾಡ್ತೀನಿ ಅಂತ ಗೊತ್ತಿದ್ದೇ ಹೇಳಿದ್ರಿ."

ಅವರು ಅಲ್ಲಗಳೆಯಲಿಲ್ಲ. "ಊರಿನವರಾದರೆ ಬೇಡ ಅಂದದ್ದನ್ನು ಮುಟ್ಟುವುದಿಲ್ಲ. ಮೊರಿಸ್ ಸ್ಟೇಜಿನಲ್ಲಿ ಮೈಕು ಹಿಡಿದು ತಂಗಿಯ ಹೆಸರು ಹೇಳಿದ್ದು. ಅದು ಮೂರು ಸಲ ಕರೆಯಿತು, ಇವಳು ತಮಾಷೆಗೆ ಓ ಅಂದಳು. ಆ ಮೇಲೆ ಇನ್ನೊಬ್ಬರಿಗೆ ಹಾಗೆ ಆಗಬಾರದು ಅಂತ ಅವರು ವೈರು ತುಂಡು ಮಾಡಿದ್ರು. ಸುಡಲಿಕ್ಕೂ ನೋಡಿದ್ರು. ಟೇಪಿಗೆ ಬೆಂಕಿಕಡ್ಡಿ ಹತ್ತಿರ ತಂದರೆ ಇವಳ ಕುತ್ತಿಗೆಯಲ್ಲಿ ಸುಟ್ಟ ಬೊಬ್ಬೆ ಏಳುತ್ತಿತ್ತು. ಅವರು ಸತ್ತ ಮೇಲೂ ದಿನಾ ಅವರ ದನಿ ಕೇಳಿಕೊಂಡು ನಾನು ಇದ್ದೆ, ಸುಧೀರ್. ನನಗೂ ವಯಸ್ಸಾಯಿತು. ನಾನು ಹೋದರೆ ಇವಳಿಗೆ ಗಂಜಿ ಕೊಡುವವರು ಯಾರು?"

"ಬಿಡಿಸೋದು ಹೇಗೆ?"

"ಟೇಪಿನ ಗುಣ ನಿಮಗೇ ಗೊತ್ತುಂಟಲ್ಲ. ಹೊಸದು ಬಿದ್ದರೆ ಹಳೆಯದು ಅಳಿಯುತ್ತದೆ. ಮನೆಯಲ್ಲಿ ಇರುವ ಇನ್ನೊಬ್ಬರ ಹೆಸರು ಹೇಳಬೇಕು. ಅವರು ಓ ಅನ್ನಬೇಕು. ನಿಮ್ಮ ಹೆಸರು ನೀವೇ ಹೇಳಿದರೆ ಆಗುವುದಿಲ್ಲ. ಮೊರಿಸ್ ಎಷ್ಟು ಸಲ ಮಾಡಿ ನೋಡಿದ್ರು."

ಸುಧೀರನೂ ಮಾಡಿ ನೋಡಿದ. ತನ್ನ ಹೆಸರನ್ನು ತಾನೇ ಹೇಳಿ, ಗಂಟಲು ಕಟ್ಟುವವರೆಗೆ ಓಗೊಟ್ಟ. ಯಂತ್ರ ತಣ್ಣಗೆ 'ಶ್ರೀವಾಣಿ' ಎಂದಿತು. ಆ ಕೋಣೆಯ ಹೊಸ್ತಿಲಲ್ಲಿ ಸತ್ಯವತಿಯಮ್ಮ ನಿಂತಿದ್ದರು. ಎಣ್ಮಕಜೆಯ ಮಾತನ್ನೆಲ್ಲ ಅವನು ಅವರಿಗೆ ಹೇಳಿಬಿಟ್ಟಿದ್ದ. ಯಾಕೆ ಹೇಳಿದ? ಹೇಳದೆ ಇರಬಹುದಿತ್ತು. ಅದನ್ನು ಅವನು ಇವತ್ತಿಗೂ ತನ್ನೊಳಗೆ ಕೇಳಿಕೊಳ್ಳುವುದಿಲ್ಲ.

"ನನ್ನ ಹೆಸರು ಹೇಳಿ," ಎಂದರು ಸತ್ಯವತಿಯಮ್ಮ.

"ಬೇಡ ಅತ್ತೆ."

"ಮೂರು ಸಲ ಕರೆದರೆ ಓ ಅನ್ನು ಅಂತ ಅವಳಿಗೆ ಕಲಿಸಿದ್ದು ನಾನು. ಅವಳು ಕಲಿತಳು. ಈಗ ಹೇಳಿ ನೀವು."

ಎರಡನೆಯ ಸಲ ಬೇಡ ಎನ್ನಲು ಸುಧೀರ್ ಬಾಯಿ ತೆರೆದ. ತಿರುಗಿ ನೋಡಿದ. ಕುರ್ಚಿಯ ಮೇಲೆ ಶ್ರೀವಾಣಿ ಕುಳಿತಿದ್ದಳು, ಗಲ್ಲದ ಮೇಲೆ ಗಂಜಿ ಇಳಿಯುತ್ತಿತ್ತು.

ಸತ್ಯವತಿಯಮ್ಮ ಮಗಳ ಗಲ್ಲ ಒರೆಸಿದರು. ದೇವರ ಮುಂದೆ ದೀಪ ಹಚ್ಚಿದರು. ಹೆರೆಮಣೆಯ ಬಳಿ ಕುಳಿತರು. ಸುಧೀರ್ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ನಿಂತ. ಯಾವ ಅಳಿಯನೂ ಬಾಯಿಬಿಟ್ಟು ಹೇಳದ ಅತ್ತೆಯ ಹೆಸರನ್ನು ಅವನು ಹೇಳಿದ. ಯಂತ್ರ ಅದನ್ನು ಎಷ್ಟು ಒಲವಿನಿಂದ ಕರೆಯಿತೆಂದರೆ ಅವನು ಕಿವಿ ಮುಚ್ಚಿಕೊಂಡ. ಒಂದು. ಎರಡು. ಮೂರು.

"ಓ," ಎಂದಿತು ಟೇಪು, ಮುದಿ ದನಿಯಲ್ಲಿ.

ಅವನು ಬಾಗಿಲು ತೆರೆದ. ಹೊರಗೆ ಕುರ್ಚಿ ಸರಿದ ಸದ್ದು. ಓಡಿದ. ಶ್ರೀವಾಣಿ ಎದ್ದು ನಿಂತಿದ್ದಳು. ಕಣ್ಣಲ್ಲಿ ಅವಳಿದ್ದಳು. ಅವನು ಅಪ್ಪಿಕೊಂಡ, ಅತ್ತ, ನಕ್ಕ. ಅವಳು ಅವನ ಹೆಗಲಾಚೆ ನೋಡುತ್ತಿದ್ದಳು.

"ಅಮ್ಮಾ," ಎಂದಳು. "ಅಮ್ಮಾ." ಮೂರನೆಯ ಸಲ ಕರೆಯುವಾಗ ಅವಳ ದನಿ ಒಡೆಯಿತು.

ಸತ್ಯವತಿಯಮ್ಮ ತಿರುಗಲಿಲ್ಲ.

ಅಷ್ಟರಲ್ಲಿ ಸ್ಟುಡಿಯೋದೊಳಗಿಂದ ಯಂತ್ರ ಮತ್ತೆ ಕರೆಯಿತು. ಗಂಡನ ದನಿಯಲ್ಲಿ ಅಮ್ಮನ ಹೆಸರು. ಶ್ರೀವಾಣಿ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸುಧೀರನ ಕೈಗಳನ್ನು ತನ್ನ ಮೈಯಿಂದ ಒಂದೊಂದಾಗಿ ಬಿಡಿಸಿದಳು.

ಅವಳು ಈಗಲೂ ಶಾಲೆಗೆ ಹೋಗುತ್ತಾಳೆ. ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಬಂದು ಅಮ್ಮನ ತಲೆ ಬಾಚಿ, ಗಂಜಿ ಉಣಿಸುತ್ತಾಳೆ. ಯಂತ್ರದ ವೈರನ್ನು ಅವಳೇ ಕತ್ತರಿಸಿ ಹಾಕಿದ್ದಾಳೆ, ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಮಧುವಾಹಿನಿ ಹೊಳೆಗೆ ಎಸೆದಿದ್ದಾಳೆ. ಮನೆಗೆ ಬಂದವರು ಜಗಲಿಯಲ್ಲಿ ಕುಳಿತಾಗ ಸುಧೀರ್ ಚಹಾಕ್ಕೆಂದು ಒಳಗೆ ನೋಡಿ ಕರೆಯುತ್ತಾನೆ. ಶ್ರೀವಾಣಿ. ಶ್ರೀವಾಣಿ. ಶ್ರೀವಾಣಿ. ಪಾತ್ರೆ ಸದ್ದು ನಿಲ್ಲುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ.

"ಮಿಸೆಸ್ಸಿಗೆ ಕಿವಿ ಸ್ವಲ್ಪ ಮಂದವಾ?" ಎಂದು ಬಂದವರು ಕೇಳುತ್ತಾರೆ.

"ಕೇಳಿಸುತ್ತೆ," ಎನ್ನುತ್ತಾನೆ ಸುಧೀರ್. "ಓ ಅನ್ನೋದಿಲ್ಲ."